ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’: ಒಂದು ಯುದ್ಧಚಿತ್ರದ ವಿಚಾರ

ಶ್ರೀ ಬಿ. ಆರ್. ಪಂತುಲು ಅವರ ಹೆಸರನ್ನು ಕೇಳದ ಮನೆ ನಮ್ಮ ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ ವಿರಳ. ಆದರೆ ಆ ಹೆಸರನ್ನು ಕೇಳಿದವರೆಲ್ಲರೂ ಒಬ್ಬರೇ ಪಂತುಲು ಅವರನ್ನು ಬಲ್ಲರೆಂದು ಹೇಳುವಂತಿಲ್ಲ. ತಮಿಳು ಮಾತನಾಡುವ ಮನೆಗಳಲ್ಲಿ ಅವರು ೧೯೫೯ರ ‘ವೀರಪಾಂಡ್ಯ ಕಟ್ಟಬೊಮ್ಮನ್’, ೧೯೬೪ರ ‘ಕರ್ಣನ್’, ೧೯೬೫ರ ‘ಆಯಿರತ್ತಿಲ್ ಒರುವನ್’ ಚಿತ್ರಗಳ ನಿರ್ದೇಶಕರು. ಕನ್ನಡ ಮನೆಗಳಲ್ಲಿ ಅವರು ೧೯೫೮ರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನೂ ೧೯೭೦ರ ‘ಶ್ರೀಕೃಷ್ಣದೇವರಾಯ’ ಚಿತ್ರವನ್ನೂ ಕೊಟ್ಟವರು. ಎರಡನೆಯದರಲ್ಲಿ ತಾವೇ ಮಹಾಮಂತ್ರಿ ತಿಮ್ಮರಸುವಾಗಿ ನಿಂತವರು. ಈ ಎರಡು ಪಟ್ಟಿಗಳ ನಡುವೆ ಒಂದು ಚಿತ್ರ ಕೈತಪ್ಪಿ ಬಿದ್ದುಹೋಗಿದೆ. ಅದು ೧೯೬೧ರಲ್ಲಿ ತೆರೆಕಂಡ ‘ಕಿತ್ತೂರು ಚೆನ್ನಮ್ಮ’. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಪಾಲಿನ ಮನ್ನಣೆ ಅದಕ್ಕೆ ದೊರೆಯಿತು. ಹಾಗಿದ್ದರೂ ನನ್ನ ತರಗತಿಯಲ್ಲಿ ಅದನ್ನು ಆದ್ಯಂತವಾಗಿ ನೋಡಿದವರು ಇಬ್ಬರೇ, ಅವರಲ್ಲಿ ನಾನೊಬ್ಬಳು. ಉಳಿದವರಿಗೆ ಆ ಚಿತ್ರದ ಒಂದು ಸಂಭಾಷಣೆ ಗೊತ್ತು, ಚಿತ್ರ ಗೊತ್ತಿಲ್ಲ. ಆದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ದೊಡ್ಡ ನಿರ್ದೇಶಕರು ತಮ್ಮ ಆರಂಭದ ದಿನಗಳಲ್ಲಿ ಮಾಡಿದ ಯುದ್ಧಚಿತ್ರಗಳ ಗತಿ ವಿಚಿತ್ರವಾದುದು. ಅಮೆರಿಕದ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ಮೊದಲ ಕಥಾಚಿತ್ರ ‘ಫಿಯರ್ ಅಂಡ್ ಡಿಸೈರ್’ ೧೯೫೩ರಲ್ಲಿ ಬಂದ ಒಂದು ಯುದ್ಧಚಿತ್ರ. ಮುಂದೆ ಖ್ಯಾತಿ ಬಂದ ಮೇಲೆ ಅವರು ಅದನ್ನು ಎಳಸು ಕೆಲಸವೆಂದು ಜರಿದು, ಯಾರೂ ನೋಡದಿದ್ದರೆ ಸಾಕೆಂಬಂತೆ ನಡೆದುಕೊಂಡರು. ಪಂತುಲು ಅವರಿಗೆ ತಮ್ಮ ಚಿತ್ರವನ್ನು ಬಚ್ಚಿಡುವ ಅಗತ್ಯವೇ ಬೀಳಲಿಲ್ಲ. ಅದರ ಹಿಂದೆಯೂ ಮುಂದೆಯೂ ಅವರೇ ನಿಲ್ಲಿಸಿದ ವರ್ಣಮಯ ಮಹಾಚಿತ್ರಗಳು ಆ ಕೆಲಸವನ್ನು ತಾವೇ ಮಾಡಿಬಿಟ್ಟವು.

ಪಂತುಲು ಅವರು ಹುಟ್ಟಿದ್ದು ೧೯೧೦ರಲ್ಲಿ, ಚಿನ್ನದ ಗಣಿಗೆ ಬಹುದೂರವಲ್ಲದ ಒಂದು ಗಡಿಯ ಹಳ್ಳಿಯಲ್ಲಿ. ನಮ್ಮ ಕಡೆಯ ಗಡಿಹಳ್ಳಿ ಎಂದರೆ ಅರ್ಥ ಇಷ್ಟೇ: ಬೆಳಿಗ್ಗೆ ಹಾಲಿನವನೊಡನೆ ತೆಲುಗು, ಅಂಗಡಿಯವನೊಡನೆ ತಮಿಳು, ಶಾಲೆಯ ಮೇಷ್ಟರೊಡನೆ ಕನ್ನಡ. ಮೊದಲು ಉಪಾಧ್ಯಾಯರಾಗಿದ್ದು, ತರುವಾಯ ನಾಟಕದ ಮಂಡಳಿ ಸೇರಿ, ೧೯೩೬ರ ‘ಸಂಸಾರ ನೌಕೆ’ ವಾಕ್ಚಿತ್ರದಲ್ಲಿ ನಟರಾಗಿ ಕಾಣಿಸಿಕೊಂಡರು. ಪದ್ಮಿನಿ ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆಯಿಂದ ಚಿತ್ರಗಳನ್ನು ತಯಾರಿಸತೊಡಗಿದ ಮೇಲೆ, ೧೯೫೭ರಲ್ಲಿ ತಮಿಳಿನ ‘ತಂಗಮಲೈ ರಹಸ್ಯಂ’ ಮತ್ತು ಕನ್ನಡದ ‘ರತ್ನಗಿರಿ ರಹಸ್ಯ’ ಚಿತ್ರಗಳಿಂದ ನಿರ್ದೇಶನಕ್ಕೂ ಕೈಹಾಕಿದರು. ಹೀಗೆ ನೋಡಿದರೆ ‘ಕಿತ್ತೂರು ಚೆನ್ನಮ್ಮ’ ಅವರ ನಿರ್ದೇಶನದ ಐದನೆಯ ವರ್ಷದ ಫಲ. ಅಷ್ಟು ಹೊತ್ತಿಗಾಗಲೇ ಅವರು ಎರಡು ಭಾಷೆಗಳ ಪ್ರೇಕ್ಷಕರನ್ನು ಒಂದೇ ಕೈಯಲ್ಲಿ ಹಿಡಿಯುವುದನ್ನು ಕಲಿತಿದ್ದರು.

ಎರಡು ಭಾಷೆಗಳು ನನಗೆ ಪುಸ್ತಕದ ಮಾತಲ್ಲ. ನನ್ನ ತಂದೆಯ ಕಡೆಯವರು ಗಣಿಯ ಲೈನ್ ಮನೆಗಳಲ್ಲಿ ಮೂರು ತಲೆಮಾರಿನಿಂದ ಇರುವ ತಮಿಳರು. ತಾಯಿಯ ಕಡೆಯವರು ಬಂಗಾರಪೇಟೆಯ ಬಳಿಯ ಹಳ್ಳಿಯ ಕನ್ನಡಿಗರು. ತಾತ ೧೯೬೬ರಿಂದ ೨೦೦೧ರ ಫೆಬ್ರವರಿ ೨೮ರಂದು ಗಣಿಗಳನ್ನು ಮುಚ್ಚುವವರೆಗೆ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡಿದವರು. ತಂದೆ ಈಗ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರಲ್ಲಿ ಒಬ್ಬರು. ಕಾಲೇಜಿನ ಮೆಟ್ಟಿಲು ಹತ್ತಿದವಳು ನಮ್ಮ ಎರಡೂ ಮನೆತನಗಳಲ್ಲಿ ನಾನೇ ಮೊದಲು. ತಾತನಿಗೆ ಪಂತುಲು ಎಂದರೆ ಕಟ್ಟಬೊಮ್ಮನ್. ಅಜ್ಜಿಗೆ, ಅಂದರೆ ತಾಯಿಯ ತಾಯಿಗೆ, ಪಂತುಲು ಎಂದರೆ ಚೆನ್ನಮ್ಮ. ಇಬ್ಬರೂ ಒಂದೇ ಮನುಷ್ಯನನ್ನು ಕುರಿತು ಮಾತನಾಡುತ್ತಿದ್ದಾರೆಂಬುದು ಇಬ್ಬರಿಗೂ ಬಹುಕಾಲ ತಿಳಿದಿರಲಿಲ್ಲ.

ಮೊದಲು ಕಟ್ಟಬೊಮ್ಮನ್ ವಿಚಾರವನ್ನು ಹೇಳದೆ ಚೆನ್ನಮ್ಮನ ವಿಚಾರವನ್ನು ವಿವರಿಸಲು ಬರುವುದಿಲ್ಲ. ತಿರುನೆಲ್ವೇಲಿ ಸೀಮೆಯ ಪಾಂಚಾಲಂಕುರಿಚ್ಚಿಯ ಪಾಳೆಯಗಾರ ಕಟ್ಟಬೊಮ್ಮನ್ ಈಸ್ಟ್ ಇಂಡಿಯಾ ಕಂಪನಿಗೆ ಕಂದಾಯ ಕೊಡಲು ಒಪ್ಪದೆ ಹೋರಾಡಿ, ೧೭೯೯ರ ಅಕ್ಟೋಬರ್ ೧೬ರಂದು ಕಯತ್ತಾರಿನಲ್ಲಿ ಗಲ್ಲಿಗೇರಿದ. ಶಿವಾಜಿ ಗಣೇಶನ್ ಆ ಪಾತ್ರವನ್ನು ವಹಿಸಿದ ಚಿತ್ರ ೧೯೫೯ರ ಮೇ ತಿಂಗಳಲ್ಲಿ ಮೊದಲು ಲಂಡನ್ನಿನಲ್ಲಿಯೂ ಅನಂತರ ಇಲ್ಲಿಯೂ ತೆರೆಕಂಡಿತು. ಅದರ ಯುದ್ಧದೃಶ್ಯಗಳನ್ನು ಜಯಪುರದಲ್ಲಿ ಚಿತ್ರಿಸಿದರು. ೧೯೬೦ರ ಕೈರೋ ಚಿತ್ರೋತ್ಸವದಲ್ಲಿ ಶಿವಾಜಿಯವರಿಗೆ ಶ್ರೇಷ್ಠ ನಟರೆಂಬ ಪ್ರಶಸ್ತಿ ದೊರೆಯಿತು. ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುವೆ: ಕಟ್ಟಬೊಮ್ಮನ್ ತೆಲುಗು ಮೂಲದ ಮನೆತನದವನು, ಅವನ ಕಥೆಯನ್ನು ತಮಿಳಿನಲ್ಲಿ ಹೇಳಿದವರು ಮೈಸೂರು ಸಂಸ್ಥಾನದ ಗಡಿಯ ಪಂತುಲು. ಈ ಭಾಷೆ ನಮ್ಮದು, ಆ ವೀರ ನಿಮ್ಮವನು ಎಂದು ಗೆರೆ ಎಳೆಯುವವರಿಗೆ ಈ ಚಿತ್ರವನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕೆಂದು ತೋಚುವುದು ಕಷ್ಟ.

ಆ ಚಿತ್ರ ಬಂದಾಗ ತಾತನಿಗೆ ಹದಿಮೂರು ವರ್ಷ. ಹಬ್ಬ ಮದುವೆಗಳಲ್ಲಿ ಧ್ವನಿವರ್ಧಕ ಕಟ್ಟಿ ಹಾಡುಗಳಷ್ಟೇ ಅಲ್ಲ, ಸಂಭಾಷಣೆಯನ್ನೂ ಹಾಕುತ್ತಿದ್ದರಂತೆ. ಕಂಪನಿಯ ಅಧಿಕಾರಿ ಜಾಕ್ಸನ್ನನ ಮುಂದೆ ಕಟ್ಟಬೊಮ್ಮನ್ ಕಂದಾಯವೇಕೆ ಕೊಡಬೇಕೆಂದು ಗರ್ಜಿಸುವ ಭಾಗವನ್ನು ತಾತ ಈಗಲೂ ತಡೆಯಿಲ್ಲದೆ ಒಪ್ಪಿಸಬಲ್ಲರು. ಲೈನಿನ ಹುಡುಗರು ಶಾಲೆ ಬಿಟ್ಟ ಮೇಲೆ ಸಯನೈಡ್ ದಿಬ್ಬಗಳನ್ನು ಪಾಂಚಾಲಂಕುರಿಚ್ಚಿಯ ಕೋಟೆಯೆಂದು ಹಂಚಿಕೊಂಡು ಯುದ್ಧವಾಡುತ್ತಿದ್ದರು. ಎತ್ತಪ್ಪನಾಗಲು ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಚೀಟಿ ಎತ್ತಿ ಆರಿಸುತ್ತಿದ್ದರಂತೆ. (ಅದೇ ದಿಬ್ಬಗಳ ಮೇಲೆ ಈಚೆಗೆ ನಮ್ಮ ಊರಿನ ಹೆಸರನ್ನೇ ಹೊತ್ತ ಭಾರಿ ಚಿತ್ರವೊಂದರ ಚಿತ್ರೀಕರಣವಾಯಿತು. ಹೊರಗಿನಿಂದ ಬಂದವರು ಅದರ ನಾಯಕನ ಮನೆ ಯಾವುದೆಂದು ನಮ್ಮನ್ನು ಕೇಳುತ್ತಾರೆ!)

ಇನ್ನು ಚೆನ್ನಮ್ಮ. ೨೦೨೫ರ ಜುಲೈ ೧೪ರಂದು ಶ್ರೀಮತಿ ಬಿ. ಸರೋಜಾದೇವಿಯವರು ಬೆಂಗಳೂರಿನಲ್ಲಿ ನಿಧನರಾದಾಗ, ದೂರದರ್ಶನದ ವಾಹಿನಿಗಳೆಲ್ಲ ಅವರು ಕಪ್ಪವನ್ನು ಏಕೆ ಕೊಡಬೇಕೆಂದು ಕೇಳುವ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದವು. ತಾತ ಎದ್ದು ಕುಳಿತು, “ಇದು ನಮ್ಮ ಕಟ್ಟಬೊಮ್ಮನ್ ಮಾತಲ್ಲವೇನಮ್ಮಾ? ಈ ಹೆಂಗಸು ಯಾಕೆ ಆಡ್ತಾ ಇದ್ದಾಳೆ?” ಎಂದರು. ಆ ಭಾನುವಾರ ನಾನು ಇಡೀ ಚಿತ್ರವನ್ನು ಹುಡುಕಿ, ಮೊಬೈಲನ್ನು ಟೀವಿಗೆ ಸೇರಿಸಿ, ತಾತನನ್ನೂ ಬಂಗಾರಪೇಟೆಯಿಂದ ಬಂದಿದ್ದ ಅಜ್ಜಿಯನ್ನೂ ಕೂರಿಸಿದೆ. ಕಪ್ಪು ಬಿಳುಪು ಎಂದು ತಾತ ಮೊದಲು ಗೊಣಗಿದರು. ಅಜ್ಜಿ ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ನೆಲದ ಟಿಕೆಟ್ಟಿಗೆ ಮರಳ ಮೇಲೆ ಕುಳಿತು ಅದನ್ನು ನೋಡಿದ್ದರು; ಕಥೆಯೆಲ್ಲ ಮರೆತು ಕತ್ತಿ ಹಿಡಿದ ಸರೋಜಾದೇವಿ ಮಾತ್ರ ಉಳಿದಿದ್ದಳು.

ತಾತನ ಪ್ರಶ್ನೆ ತಮಾಷೆಯಂತೆ ಕಂಡರೂ ಅದರಲ್ಲಿ ಈ ಚಿತ್ರದ ಗುಟ್ಟೇ ಇದೆ. ಅದನ್ನು ಬಿಡಿಸಬೇಕಾದರೆ ಕಿತ್ತೂರಿನ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು. ಕಿತ್ತೂರು ಈಗಿನ ಬೆಳಗಾವಿ ಜಿಲ್ಲೆಯ ಒಂದು ಸಣ್ಣ ಸಂಸ್ಥಾನ. ದೊರೆ ಮಲ್ಲಸರ್ಜನು ಒಮ್ಮೆ ಟಿಪ್ಪುವಿನ ಸೆರೆಯಲ್ಲಿಯೂ ಇನ್ನೊಮ್ಮೆ ಪೇಶ್ವೆ ಎರಡನೆಯ ಬಾಜೀರಾಯನ ಸೆರೆಯಲ್ಲಿಯೂ ಇದ್ದು ಬಳಲಿ ೧೮೧೬ರಲ್ಲಿ ತೀರಿಕೊಂಡ. (ಟಿಪ್ಪುವಿನ ತಂದೆ ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಕಿತ್ತೂರಿನ ಕಥೆಯಲ್ಲಿ ನಮ್ಮ ತಾಲ್ಲೂಕಿನ ಪಾತ್ರ ಹೀಗೆ ಸ್ವಲ್ಪ ಇರುಸುಮುರುಸಿನದು. ಆ ಮಾತನ್ನು ಇಲ್ಲಿ ಯಾರೂ ಎತ್ತುವುದಿಲ್ಲ.) ಮಲ್ಲಸರ್ಜನಿಗೆ ಇಬ್ಬರು ರಾಣಿಯರು: ಹಿರಿಯಳು ರುದ್ರಮ್ಮ, ಕಿರಿಯಳು ಕಾಕತಿಯ ದೇಸಾಯಿಯ ಮಗಳು ಚೆನ್ನಮ್ಮ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ೧೮೧೮ರಲ್ಲಿ ಕಂಪನಿಯು ಪೇಶ್ವೆಯ ಮೇಲೆ ಯುದ್ಧ ಹೂಡಿದಾಗ ಕಿತ್ತೂರು ಕಂಪನಿಯ ಪಕ್ಷ ವಹಿಸಿತು. ಮನ್ರೋ ಸಾಹೇಬನಿಂದ ಸನ್ನದು ಪಡೆದು, ವರ್ಷವರ್ಷವೂ ಕಾಣಿಕೆ ಸಲ್ಲಿಸುವುದಕ್ಕೆ ಒಪ್ಪಿಕೊಂಡಿತು.

ಅಂದರೆ ಕಿತ್ತೂರು ಕಂಪನಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನವೇ. ೧೮೨೪ರಲ್ಲಿ ಜಗಳ ಹುಟ್ಟಿದ್ದು ಕಪ್ಪದ ಮೇಲಲ್ಲ, ದತ್ತಕದ ಮೇಲೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತು ತೆಗೆದುಕೊಂಡಿದ್ದನೆಂದು ಅರಮನೆಯವರು ತಿಳಿಸಿದರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಅದನ್ನು ನಂಬಲಿಲ್ಲ. ದತ್ತಕದ ಪತ್ರ ತನ್ನ ಕೈಸೇರಿದ್ದು ದೊರೆ ಸತ್ತ ಮೇಲೆ ಎಂಬುದೂ, ರುಜುವಿನ ಮೇಲಿನ ಅನುಮಾನವೂ ಅವನಿಗೆ ಸಾಕಾದವು. ಭಂಡಾರಕ್ಕೆ ಮುದ್ರೆ ಹಾಕಿಸಿದ, ಕಾವಲು ಇಟ್ಟ, ಕಿತ್ತೂರಿನವರೇ ಆದ ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾಯ ಎಂಬವರ ಕೈಗೆ ಆಡಳಿತ ಕೊಟ್ಟ. ಮುಂದೆ ೧೮೪೮ರಲ್ಲಿ ಡಾಲ್‌ಹೌಸಿಯು ಸಾತಾರೆಯ ಮೇಲೆ ಪ್ರಯೋಗಿಸಿ ಹೆಸರುವಾಸಿಯಾದ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯನ್ನು ಕಿತ್ತೂರು ೨೪ ವರ್ಷ ಮೊದಲೇ ಕಂಡಿತ್ತು. ಅಕ್ಟೋಬರ್ ೨೩ರಂದು ಥ್ಯಾಕರೆ ಕೋಟೆಯ ಬಾಗಿಲನ್ನು ಬಲಾತ್ಕಾರದಿಂದ ತೆರೆಸಹೊರಟ. ಬಾಗಿಲು ತೆರೆಯಿತು, ಆದರೆ ಒಳಗಿನಿಂದ ನುಗ್ಗಿದ್ದು ಕಿತ್ತೂರಿನ ಸೈನ್ಯ. ಥ್ಯಾಕರೆ ಅಲ್ಲಿಯೇ ಮಡಿದ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪನೆಂದು ಜನ ಹೇಳುತ್ತಾರೆ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಇಂಗ್ಲಿಷ್ ಪಾಠದಲ್ಲಿ ಆ ಹೆಸರು ಬಂದಾಗಲೆಲ್ಲ ನನಗೆ ನೆನಪಾಗುವುದು ಕಿತ್ತೂರಿನ ಬಾಗಿಲು.

ಹೀಗಿರುವಾಗ ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ದತ್ತಕವಲ್ಲ, ಕಪ್ಪ. ಇದು ಏಕೆ? ನನಗೆ ತೋರುವ ಕಾರಣ ಇದು. ದತ್ತಕವೆಂಬುದು ಕಾಗದಪತ್ರದ ವ್ಯವಹಾರ. ಪತ್ರ ಯಾವ ತಾರೀಖಿನದು, ರುಜು ಯಾರದು, ಎಂಬುದನ್ನು ಕಚೇರಿಯಲ್ಲಿ ವಾದಿಸಬಹುದು. ಟೆಂಟಿನ ನೆಲದ ಮೇಲೆ ಕುಳಿತವನ ರಕ್ತ ಅದರಿಂದ ಬಿಸಿಯಾಗದು. ಕಪ್ಪವೆಂದರೆ ಹಾಗಲ್ಲ. ಬೆವರು ಸುರಿಸಿ ದುಡಿದದ್ದನ್ನು ಇನ್ನೊಬ್ಬ ಬಂದು ಕೇಳುವುದು ಪ್ರತಿಯೊಬ್ಬನಿಗೂ ಅರ್ಥವಾಗುತ್ತದೆ. ಅದರಲ್ಲಿಯೂ ನಮ್ಮ ಊರಿನವರಿಗೆ! ೧೮೮೦ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಇಲ್ಲಿ ತೆಗೆದ ಚಿನ್ನ ಲಂಡನ್ನಿಗೆ ಹೋಗುತ್ತಿತ್ತು. ಮೈಸೂರು ಸರ್ಕಾರಕ್ಕೆ ಬರುತ್ತಿದ್ದುದು ರಾಯಧನ. ಇಳಿದು ಅಗೆದವನಿಗೆ ಕೂಲಿ. ಎರಡು ವರ್ಷದ ಹಿಂದೆ ತಮಿಳಿನಲ್ಲಿ ಈ ಪ್ರಶ್ನೆ ಸಾವಿರಾರು ಜನರನ್ನು ಎದ್ದು ನಿಲ್ಲಿಸಿದ್ದನ್ನು ಪಂತುಲು ಕಣ್ಣಾರೆ ಕಂಡಿದ್ದರು. ಅದನ್ನೇ ಕಿತ್ತೂರಿಗೂ ತಂದರು. ಚರಿತ್ರೆಯ ವಿದ್ಯಾರ್ಥಿನಿಯಾಗಿ ನಾನು ಇದನ್ನು ಒಪ್ಪಲಾರೆ. ಬಾಗಿಲ ಬಳಿ ನಿಂತು ನನ್ನ ಮಗನನ್ನು ನನ್ನ ಮಗನಲ್ಲವೆನ್ನಲು ನೀನು ಯಾರು ಎಂದು ಕೇಳುವ ಚೆನ್ನಮ್ಮ, ಕಪ್ಪ ಕೊಡೆನೆನ್ನುವ ಚೆನ್ನಮ್ಮನಿಗಿಂತ ದೊಡ್ಡವಳೆಂದೂ, ನಿಜಕ್ಕೆ ಹತ್ತಿರದವಳೆಂದೂ ನನ್ನ ಅಭಿಪ್ರಾಯ. ಆದರೆ ಆ ದೃಶ್ಯ ಬಂದಾಗ ನನ್ನ ಮೈಯೂ ಜುಮ್ಮೆಂದಿತು ಎಂಬುದನ್ನು ಮುಚ್ಚಿಡುವುದೇಕೆ?

ಮಾತು ಕಟ್ಟಬೊಮ್ಮನ್‌ನದೇ ಆದರೂ ಚಿತ್ರ ಅವನದಲ್ಲ. ಕನ್ನಡದಲ್ಲಿ ೧೯೬೧ರ ಹೊತ್ತಿಗೆ ದೊಡ್ಡ ನಟರೆಂದರೆ ರಾಜಕುಮಾರ್. ಹಿಂದಿನ ವರ್ಷವೇ ಅವರು ‘ರಣಧೀರ ಕಂಠೀರವ’ನಾಗಿ ಕತ್ತಿ ಹಿಡಿದಿದ್ದರು. ಇಲ್ಲಿ ಅವರು ಮಲ್ಲಸರ್ಜ; ಯುದ್ಧ ಮೊದಲಾಗುವುದಕ್ಕೆ ಮುನ್ನವೇ ಆತ ಸಾಯುತ್ತಾನೆ. ಯುದ್ಧಚಿತ್ರವೊಂದರಲ್ಲಿ, ಜನ ಯಾರನ್ನು ನೋಡಲು ಬಂದರೋ ಆ ನಾಯಕನನ್ನು ಯುದ್ಧದೊಳಕ್ಕೇ ಬಿಡದಿರುವುದು ಸಾಮಾನ್ಯ ಧೈರ್ಯವಲ್ಲ. ಚರಿತ್ರೆ ಹಾಗಿತ್ತು, ಅದಕ್ಕೆ ಹಾಗೆ ಮಾಡಿದರು ಎನ್ನಬಹುದು. ಆದರೆ ಚಿತ್ರರಂಗದವರು ಚರಿತ್ರೆಯನ್ನು ಎಷ್ಟು ಸಲೀಸಾಗಿ ತಿರುಚುತ್ತಾರೆಂಬುದನ್ನು ಈಗಷ್ಟೇ ನೋಡಿದೆವು. ಮನಸ್ಸು ಮಾಡಿದ್ದರೆ ಮಲ್ಲಸರ್ಜನನ್ನೂ ಎಂಟು ವರ್ಷ ಹೆಚ್ಚು ಬದುಕಿಸಬಹುದಾಗಿತ್ತು. ಪಂತುಲು ಹಾಗೆ ಮಾಡಲಿಲ್ಲ. ಕೊನೆಯ ಭಾರವನ್ನೆಲ್ಲ ಇಪ್ಪತ್ಮೂರು ವರ್ಷದ ಸರೋಜಾದೇವಿಯವರ ಮೇಲೆ ಹೊರಿಸಿದರು. ೧೯೫೫ರ ‘ಮಹಾಕವಿ ಕಾಳಿದಾಸ’ದಿಂದ ಬಂದ ಆಕೆ ಆ ವೇಳೆಗೆ ತಮಿಳಿನಲ್ಲಿ ಹಾಡು, ಕುಣಿತ, ಮುಗುಳುನಗೆಗಳಿಗೆ ಹೆಸರಾಗಿದ್ದರು. ಅವರ ಮೃದುವಾದ ಕಂಠ ಸಭೆಯಲ್ಲಿ ಏರುವಾಗ ಕೆಲವೆಡೆ ಒಡೆಯುತ್ತದೆ. ಶಿವಾಜಿಯ ಕಂಠ ಎಲ್ಲಿಯೂ ಒಡೆಯದು. ಆದರೆ ಆ ಒಡೆಯುವ ಕಂಠವೇ ನನಗೆ ಹಿಡಿಸಿತು; ಗಂಡನೂ ಇಲ್ಲದೆ, ಮಗನೂ ಇಲ್ಲದೆ, ಅರಮನೆಯ ಭಂಡಾರಕ್ಕೆ ಪರರ ಮುದ್ರೆ ಬಿದ್ದಿರುವ ಹೆಂಗಸಿನ ದನಿ ಗಂಟೆಯಂತೆ ಇರಬೇಕಾದುದಿಲ್ಲ.

ಹಿರಿಯ ರಾಣಿ ರುದ್ರಮ್ಮನ ಪಾತ್ರವನ್ನು ಶ್ರೀಮತಿ ಎಂ. ವಿ. ರಾಜಮ್ಮನವರು ವಹಿಸಿದ್ದಾರೆ. ‘ಸಂಸಾರ ನೌಕೆ’ಯ ಕಾಲದಿಂದಲೂ ಪಂತುಲು ಅವರೊಡ‌ನೆ ಇದ್ದವರು. ಸವತಿಯರೆಂದರೆ ಜಗಳವಾಡಲೇಬೇಕೆಂಬ ನಿಯಮ ನಮ್ಮ ಚಿತ್ರಗಳಲ್ಲಿ ಈಗಲೂ ಸಡಿಲವಾಗಿಲ್ಲ. ಇಲ್ಲಿ ರಾಜಮ್ಮನವರ ಗಂಭೀರವಾದ ಅಭಿನಯ ಆ ನಿಯಮವನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸುತ್ತದೆ. ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಎಸ್. ಜಾನಕಿಯವರು ಹಾಡಿದ್ದಾರೆ. ಯುದ್ಧಚಿತ್ರದೊಳಗೆ ವಚನವೇಕೆಂದು ಕೇಳುವವರು ಕಿತ್ತೂರು ಎಂಥ ಮನೆತನವೆಂಬುದನ್ನು ನೆನೆಯಬೇಕು. ಕಲ್ಮಠದ ಗುರುಗಳ ಆಶೀರ್ವಾದವಿಲ್ಲದೆ ಅಲ್ಲಿ ಯಾವ ಕಾರ್ಯವೂ ನಡೆಯುತ್ತಿರಲಿಲ್ಲ. ರಾಜನ ಹಂಗನ್ನೇ ತೊರೆದು ಹೊರಟ ಅಕ್ಕನ ಮಾತು, ರಾಜ್ಯಕ್ಕಾಗಿ ಕತ್ತಿ ಹಿಡಿದ ರಾಣಿಯ ಕಥೆಯಲ್ಲಿ ಕೇಳಿಬರುವುದು ನನಗಂತೂ ಬಹಳ ಹೊತ್ತು ಕಾಡಿತು.

ವೈಭವದ ಮಾತಿಗೆ ಬಂದರೆ ಚೆನ್ನಮ್ಮ ಬಡವಿ. ಜಯಪುರದ ಬಯಲೂ ಇಲ್ಲ, ಬಣ್ಣವೂ ಇಲ್ಲ. ಕನ್ನಡ ಚಿತ್ರಗಳ ಮಾರುಕಟ್ಟೆ ಆಗ ಚಿಕ್ಕದು. ಹೆಚ್ಚಿನವು ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಯುದ್ಧಕ್ಕಿಂತ ಸಭೆಗೂ ಅಂತಃಪುರಕ್ಕೂ ಚಿತ್ರ ಹೆಚ್ಚು ಹೊತ್ತನ್ನು ಕೊಡುತ್ತದೆ. ನಾಟಕದ ಗುಣ ಇದರಲ್ಲಿ ಧಾರಾಳವಾಗಿದೆ. ಈಗಿನ ಕಣ್ಣಿಗೆ ಕೆಲವು ದೃಶ್ಯಗಳು ದೀರ್ಘವೆನಿಸುತ್ತವೆ. ತಾತ ನೋಡಿದ್ದು ಬೇರೆಯದೇ. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಹಾರಿಸಿದ ತಂಡದಲ್ಲಿದ್ದವರು. ಫಿರಂಗಿ ಸಿಡಿದ ಮರುಕ್ಷಣವೇ ಹೊಗೆ ತಿಳಿಯಾಗಿ ಸೈನಿಕರು ಓಡಿಬರುವುದನ್ನು ಕಂಡು ನಕ್ಕುಬಿಟ್ಟರು. ಭೂಮಿಯೊಳಗೆ ಮದ್ದು ಹಾರಿಸಿದ ಮೇಲೆ ಹೊಗೆ ಹೋಗುವವರೆಗೆ ಯಾರೂ ಮುಖ ಹಾಕುವಂತಿಲ್ಲ. ಹೊಗೆಗೇ ಜನ ಬೀಳುತ್ತಾರೆ. “ಸಿನಿಮಾದಲ್ಲಿ ಹೊಗೆಗೆ ಕೂಡ ಶಿಫ್ಟ್ ಬೇಗ ಮುಗಿಯುತ್ತೆ” ಎಂದರು. ಕಟ್ಟಬೊಮ್ಮನ್‌ನಲ್ಲಿಯೂ ಹೀಗೆಯೇ ಅಲ್ಲವೇ ತಾತ ಎಂದೆ. ಅದಕ್ಕೆ ಉತ್ತರ ಬರಲಿಲ್ಲ.

ಆದರೆ ಎರಡನೆಯ ಯುದ್ಧದ ಮಾತು ಬಂದಾಗ ಅವರು ನಗಲಿಲ್ಲ. ಥ್ಯಾಕರೆ ಸತ್ತ ಮೇಲೆ ಕಂಪನಿಯು ಸುಮ್ಮನಿರಲಿಲ್ಲ. ಕರ್ನಲ್ ಡೀಕನ್ನನ ಕೈಕೆಳಗೆ ದೊಡ್ಡ ಸೈನ್ಯವನ್ನು ಕಳುಹಿಸಿತು. ಸೆರೆಯಲ್ಲಿದ್ದ ಇಬ್ಬರನ್ನು ಚೆನ್ನಮ್ಮ ಬಿಟ್ಟುಕೊಟ್ಟಳು. ಯುದ್ಧ ಮಾತ್ರ ತಪ್ಪಲಿಲ್ಲ. ೧೮೨೪ರ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಒಳಗಿನವರೇ ದ್ರೋಹ ಬಗೆದು ಮದ್ದಿಗೆ ಸಗಣಿ ಬೆರೆಸಿದ್ದರೆಂದು ಕಿತ್ತೂರಿನ ಐತಿಹ್ಯ. ನಾನು ಅದನ್ನು ಹೇಳಿದಾಗ ತಾತ, ಕೆಟ್ಟ ಮದ್ದು ಹಾರದೆ ತೂತಿನಲ್ಲಿಯೇ ಉಳಿದರೆ ಏನಾಗುತ್ತದೆಂಬುದನ್ನು ವಿವರಿಸಿದರು. ಹಾರದ ಮದ್ದು ಸತ್ತಿದೆಯೆಂದು ನಂಬಿ ಮರುದಿನ ಅದರ ಮೇಲೆಯೇ ಡ್ರಿಲ್ ಇಟ್ಟವರ ಕಥೆ ಅದು. ಎತ್ತಪ್ಪನ ಹೆಸರು ತಮಿಳಿನಲ್ಲಿ ದ್ರೋಹಿ ಎಂಬುದಕ್ಕೆ ಪರ್ಯಾಯಪದವೇ ಆಗಿದೆ. ಮಲ್ಲಪ್ಪಶೆಟ್ಟಿಯ ಹೆಸರೂ ಉತ್ತರ ಕರ್ನಾಟಕದಲ್ಲಿ ಹಾಗೆಯೇ. ಎರಡು ಚಿತ್ರಗಳಲ್ಲಿಯೂ ಸೋಲಿನ ಹೊರೆಯನ್ನು ದ್ರೋಹಿಗಳು ಹೊರುತ್ತಾರೆ. ಇದರಲ್ಲಿ ನನಗೆ ಒಂದು ಅಸಮಾಧಾನವಿದೆ. ಕಂಪನಿಯ ಬಳಿ ಮದರಾಸು, ಮುಂಬಯಿ ಎರಡೂ ಕಡೆಯ ದಂಡುಗಳಿದ್ದವು. ಕಿತ್ತೂರಿಗೆ ಕಿತ್ತೂರು ಮಾತ್ರ. ಒಬ್ಬ ಶೆಟ್ಟಿ ಪ್ರಾಮಾಣಿಕನಾಗಿದ್ದರೆ ಈ ಲೆಕ್ಕ ಬದಲಾಗುತ್ತಿತ್ತೇ? ಆ ದಂಡಿನ ಸಿಪಾಯಿಗಳಾದರೂ ಯಾರು? ಬಹುಮಂದಿ ನಮ್ಮಂತಹ ಮನೆಗಳಿಂದ, ಸಂಬಳಕ್ಕೆ ಹೋದವರು. ಅವರ ಕಡೆ ಈ ಚಿತ್ರದ ಕ್ಯಾಮರಾ ತಿರುಗುವುದಿಲ್ಲ. ಆ ಕಾಲದ ಯಾವ ಚಿತ್ರದಲ್ಲಿಯೂ ತಿರುಗಿದಂತೆ ನಾನು ಕಾಣೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ೧೯೫೬ರ ನವೆಂಬರ್ ೧ರವರೆಗೆ ಕಿತ್ತೂರು ಮುಂಬಯಿ ಪ್ರಾಂತದಲ್ಲಿತ್ತು, ಕೋಲಾರ ಮೈಸೂರಿನಲ್ಲಿತ್ತು. ಒಂದೇ ರಾಜ್ಯದವರಾಗಿ ಐದು ವರ್ಷವೂ ಸರಿಯಾಗಿ ತುಂಬಿರದ ಕಾಲದಲ್ಲಿ ಈ ಚಿತ್ರ ತಯಾರಾಯಿತು. ಬಂಗಾರಪೇಟೆಯ ಟೆಂಟಿನಲ್ಲಿ ಕುಳಿತ ಹೆಂಗಸರಿಗೆ ಬೆಳಗಾವಿ ಕಾಶಿಯಷ್ಟೇ ದೂರ. ಕಿತ್ತೂರು ಎಂಬ ಊರಿದೆಯೆಂದು ಅಜ್ಜಿಗೆ ಗೊತ್ತಾದದ್ದೇ ಆ ರಾತ್ರಿ. ಪಾತ್ರಗಳ ಮಾತು ಕಿತ್ತೂರಿನ ಕನ್ನಡವಲ್ಲ ನಿಜ; ನಾಟಕದ ಗ್ರಂಥಸ್ಥ ಕನ್ನಡ, ಅದರ ಅಡಿಯಲ್ಲಿ ಹಳೆಯ ಮೈಸೂರಿನ ಎಳೆತ. ಧಾರವಾಡದ ಕಡೆಯವರಿಗೆ ಇದು ಈಗ ನಗೆ ತರಿಸಬಹುದು. ಆದರೂ ರಾಜ್ಯಗಳನ್ನು ನಕ್ಷೆಯಲ್ಲಿ ಕೂಡಿಸುವುದು ಒಂದು ಕೆಲಸ, ಅಜ್ಜಿಯಂಥವರ ಮನಸ್ಸಿನಲ್ಲಿ ಕೂಡಿಸುವುದು ಇನ್ನೊಂದು. ಎರಡನೆಯದನ್ನು ಮಾಡಿದವರಲ್ಲಿ, ಅರ್ಧ ಜೀವಮಾನವನ್ನು ತಮಿಳು ಚಿತ್ರಗಳಲ್ಲಿ ಕಳೆದ ಈ ಗಡಿನಾಡಿನ ಮೇಷ್ಟರೂ ಒಬ್ಬರು. ಭಾಷೆಯ ಹೆಸರಿನಲ್ಲಿ ನಮ್ಮ ಊರಿನಲ್ಲಿ ಆಗಾಗ ಎದ್ದೇಳುವ ಮಾತುಗಳನ್ನು ಕೇಳಿದಾಗ, ಅವರ ಎರಡು ಚಿತ್ರಗಳನ್ನು ಒಂದೇ ರಾತ್ರಿ ಒಂದರ ಹಿಂದೆ ಒಂದು ಹಾಕಿಸಬೇಕೆಂದು ನನಗೆ ಅನ್ನಿಸುವುದುಂಟು.

ಅರ್ಧ ಶತಮಾನದ ಮೇಲೆ, ೨೦೧೨ರಲ್ಲಿ, ಕಿತ್ತೂರು ಮತ್ತೆ ತೆರೆಗೆ ಬಂದಿತು: ನಾಗಣ್ಣ ಅವರ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ಬಣ್ಣ, ಕುದುರೆ, ಜನಸಮೂಹ ಯಾವುದಕ್ಕೂ ಅದರಲ್ಲಿ ಕೊರತೆಯಿಲ್ಲ. ದರ್ಶನ್ ರಾಯಣ್ಣನಾಗಿಯೂ ಜಯಪ್ರದಾ ಚೆನ್ನಮ್ಮನಾಗಿಯೂ ಅಭಿನಯಿಸಿದ್ದಾರೆ. ನನ್ನ ಸಹಪಾಠಿಗಳೆಲ್ಲ ನೋಡಿರುವುದು ಅದನ್ನೇ. ಅಲ್ಲಿ ನಾಯಕನು ಯುದ್ಧದಲ್ಲಿದ್ದಾನೆ, ರಾಣಿ ಅವನನ್ನು ಹರಸುತ್ತಾಳೆ. ೧೯೬೧ರಲ್ಲಿ ಇದು ತಲೆಕೆಳಗಾಗಿತ್ತು.

ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅಲ್ಲಿಯೇ ೧೮೨೯ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಚಿತ್ರ ಮುಗಿದು ನಾನು ದೀಪ ಹಾಕಿದಾಗ ಅಜ್ಜಿ ಕೇಳಿದ್ದು ಇದಾವುದನ್ನೂ ಅಲ್ಲ. “ಆ ದತ್ತು ಮಗ ಏನಾದನೇ?” ಎಂದರು. ನಾನು ಚರಿತ್ರೆಯ ಪುಸ್ತಕದಿಂದ ತಿಳಿದಷ್ಟನ್ನು ಹೇಳಿದೆ: ಸಂಗೊಳ್ಳಿ ರಾಯಣ್ಣ ಆ ಬಾಲಕನನ್ನೇ ದೊರೆಯಾಗಿ ನಿಲ್ಲಿಸಬೇಕೆಂದು ಮತ್ತೆ ದಂಡೆದ್ದ, ಕಂಪನಿಯವರು ಬಾಲಕನನ್ನೂ ಹಿಡಿದರು, ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅಜ್ಜಿ ಎಲೆಯಡಿಕೆಯ ಚೀಲವನ್ನು ಬಿಚ್ಚುತ್ತ, “ಅಷ್ಟು ಜನ ಸತ್ತಿದ್ದು ಆ ಮಗೂಗೋಸ್ಕರ ತಾನೇ? ಅವನನ್ನ ಒಂದು ಸಲ ಸರಿಯಾಗಿ ತೋರಿಸಬೇಕಾಗಿತ್ತು ಪಂತುಲು” ಎಂದರು. ತಾತ ಹೌದೆಂದು ತಲೆಯಾಡಿಸಿ, ಕಟ್ಟಬೊಮ್ಮನ್ ಹಾಕು ಎಂದರು.